ಹೊಟ್ಟೆಯ ಮೇಲಿಂದ ಭ್ರೂಣದ ಇಸಿಜಿ: ಕಾವೂರಿನ ಸೆಖೆಯಲ್ಲಿಟ್ಟು ನೋಡಿದಾಗ

ಭ್ರೂಣದ ಹೃದಯದ ವಿದ್ಯುತ್ ಚಟುವಟಿಕೆಯನ್ನು ಮೊದಲು ದಾಖಲಿಸಿದವರು ಜರ್ಮನಿಯ ಮ್ಯಾಕ್ಸ್ ಕ್ರೆಮರ್, 1906ರಲ್ಲಿ. ಶತಮಾನ ದಾಟಿದರೂ ಆ ವಿಧಾನ ನಮ್ಮ ಹೆರಿಗೆ ವಾರ್ಡುಗಳ ದಿನಬಳಕೆಗೆ ಬಂದಿಲ್ಲ. ಅಲ್ಲಿ ನಡೆಯುವುದು ಇಂದಿಗೂ ಡಾಪ್ಲರ್ ಆಧಾರಿತ ಸಿಟಿಜಿಯೇ (ಭ್ರೂಣದ ಹೃದಯವೇಗ ಮತ್ತು ಗರ್ಭಕೋಶದ ಸಂಕೋಚನಗಳ ದಾಖಲೆ). ಸಂಕೇತ ಸಂಸ್ಕರಣೆಯವರನ್ನು ಕಾರಣ ಕೇಳಿದರೆ ಇನ್ನೂ ಉತ್ತಮ ಗಣಿತ ಬೇಕು ಎನ್ನುತ್ತಾರೆ. ಮಂಗಳೂರಿನ ಕಾವೂರಿನಂಥ ಕರಾವಳಿ ಬಡಾವಣೆಯ ಗರ್ಭಿಣಿಯನ್ನು ಮುಂದಿಟ್ಟುಕೊಂಡು ಯೋಚಿಸಿದರೆ ತೊಡಕಿನ ದೊಡ್ಡ ಪಾಲು ಚರ್ಮದ ಮೇಲೂ ಗರ್ಭದ ವಾರಗಳಲ್ಲೂ ಇದೆ ಎಂಬುದು ಈ ಲೇಖನದ ವಾದ.

ಡಾಪ್ಲರ್ ಯಂತ್ರ ಹೃದಯದ ಚಲನೆಯನ್ನು ಅಲ್ಟ್ರಾಸೌಂಡ್‌ನಿಂದ ಹಿಡಿಯುತ್ತದೆ. ಹಲವು ಬಡಿತಗಳನ್ನು ಸೇರಿಸಿ ವೇಗವನ್ನು ಅಂದಾಜಿಸುತ್ತದೆ. ಬೆಲ್ಟು ಜಾರಿದರೆ ಭ್ರೂಣದ ಬದಲು ತಾಯಿಯ ನಾಡಿಯನ್ನೇ ಎಣಿಸಿಬಿಡುವುದೂ ಉಂಟು. ಇಸಿಜಿ ಹಾಗಲ್ಲ. ಅದು ದೇಹದೊಳಕ್ಕೆ ಏನನ್ನೂ ಕಳುಹಿಸುವುದಿಲ್ಲ, ಹೊರಬರುವ ವಿದ್ಯುತ್ತನ್ನು ಆಲಿಸುತ್ತದೆ ಅಷ್ಟೆ. ಒಂದೊಂದು ಬಡಿತದ ಅಂತರವನ್ನೂ ಬೇರೆಬೇರೆಯಾಗಿ ಕೊಡುತ್ತದೆ. ಚಿತ್ರ ಮೂಡಿಸದ ಕಾರಣ ಲಿಂಗಪತ್ತೆಗೂ ಒದಗದು. 1994ರ ಲಿಂಗಪತ್ತೆ ನಿಷೇಧ ಕಾಯ್ದೆ ಜಾರಿಯಲ್ಲಿರುವ ನಾಡಿನಲ್ಲಿ, ಮನೆಗೆ ಕೊಂಡೊಯ್ಯಬಹುದಾದ ಉಪಕರಣಕ್ಕೆ ಇದು ಸಣ್ಣ ಅನುಕೂಲವಲ್ಲ.

ಆದರೆ ಆಲಿಸಬೇಕಾದ ಸಂಕೇತ ತೀರ ಕ್ಷೀಣ. ತಾಯಿಯ ಹೊಟ್ಟೆಯ ಮೇಲೆ ಭ್ರೂಣದ ಇಸಿಜಿ ಸಾಮಾನ್ಯವಾಗಿ ಕೆಲವೇ ಹತ್ತು ಮೈಕ್ರೋವೋಲ್ಟ್. ತಾಯಿಯ ಹೃದಯದ ಸಂಕೇತ ಅದರ ಹಲವು ಪಟ್ಟು. ಎರಡರ ಆವರ್ತನಗಳೂ ಒಂದರ ಮೇಲೊಂದು ಬೀಳುವುದರಿಂದ ಸರಳ ಫಿಲ್ಟರಿನಿಂದ ಬೇರ್ಪಡಿಸಲಾಗದು. 1975ರಲ್ಲಿ ಬರ್ನಾರ್ಡ್ ವಿಡ್ರೋ ಮತ್ತು ಸಂಗಡಿಗರು ತಾಯಿಯ ಎದೆಯ ಮೇಲಿನ ಸಂಕೇತವನ್ನೇ ಆಕರವಾಗಿಟ್ಟುಕೊಂಡು, ಹೊಟ್ಟೆಯ ಸಂಕೇತದಿಂದ ಅದನ್ನು ಕಳೆಯುವ ಹೊಂದಾಣಿಕೆಯ ಫಿಲ್ಟರನ್ನು ತೋರಿಸಿಕೊಟ್ಟರು. ಮುಂದೆ ಬೆರೆತ ಸಂಕೇತಗಳನ್ನು ಬಿಡಿಸುವ ಸ್ವತಂತ್ರ ಘಟಕ ವಿಶ್ಲೇಷಣೆ ಬಂತು, ಈಗ ನರಜಾಲಗಳ ಕಾಲ. ಆದರೂ ಒಂದು ಲೆಕ್ಕ ತಪ್ಪದು. ತಾಯಿಯ ನಾಡಿ ನಿಮಿಷಕ್ಕೆ 80, ಆಕೆಯ ಬಡಿತದ ಚೂಪು ಅಲೆಯಾದ ಕ್ಯುಆರ್‌ಎಸ್ 90 ಮಿಲಿಸೆಕೆಂಡ್, ಭ್ರೂಣದ್ದು 45 ಎಂದಿಟ್ಟುಕೊಂಡರೆ, ಭ್ರೂಣದ ಬಡಿತಗಳಲ್ಲಿ ಶೇ. 18ರಷ್ಟು ತಾಯಿಯ ಬಡಿತದ ಅಡಿಯಲ್ಲೇ ಹೂತುಹೋಗುತ್ತವೆ. ಅವನ್ನು ಹೊರತೆಗೆಯುವುದರಲ್ಲಿ ಇಂದಿನ ವಿಧಾನಗಳು ಸಾಕಷ್ಟು ಪಳಗಿವೆ. ಹಾಗಿದ್ದರೆ ಉಳಿದ ತೊಡಕೇನು?

ಸುಮಾರು 28ನೇ ವಾರದಿಂದ ಭ್ರೂಣದ ಮೈಯನ್ನು ವರ್ನಿಕ್ಸ್ ಎಂಬ ಬಿಳಿಯ ಮೇಣದಂಥ ಪದರ ಆವರಿಸುತ್ತದೆ. ಅದು ವಿದ್ಯುತ್ತನ್ನು ತಡೆಯುತ್ತದೆ. 37ನೇ ವಾರದ ಹೊತ್ತಿಗೆ ಕರಗತೊಡಗುತ್ತದೆ. ನಡುವಿನ ಈ ವಾರಗಳಲ್ಲೇ ರಕ್ತದೊತ್ತಡ, ಸಿಹಿಮೂತ್ರ, ಭ್ರೂಣದ ಕುಂಠಿತ ಬೆಳವಣಿಗೆ ಇವುಗಳಿಗಾಗಿ ಗರ್ಭಿಣಿಯ ಮೇಲೆ ಹೆಚ್ಚು ನಿಗಾ ಬೇಕಾಗುವುದು. ಇನ್ನು ವಿಧಾನಗಳನ್ನು ಒರೆಗೆ ಹಚ್ಚುವ ದತ್ತಾಂಶದತ್ತ ನೋಡಿ. ಪೋಲೆಂಡಿನ ಕಟೋವಿಟ್ಸೆಯಲ್ಲಿ ಸಿದ್ಧವಾದ, ಎಲ್ಲರೂ ಬಳಸುವ ಸಂಗ್ರಹದಲ್ಲಿ ಇರುವುದು ಹೆರಿಗೆ ನೋವಿನಲ್ಲಿದ್ದ 5 ಮಹಿಳೆಯರ ದಾಖಲೆ, 38ರಿಂದ 41ನೇ ವಾರದ್ದು. ಪದರ ಕರಗತೊಡಗಿದ ಮೇಲಿನ ಸಂಕೇತವದು. ಆ ದಾಖಲೆಗಳ ಮೇಲೆ ವಿಧಾನಗಳು ಗಳಿಸಿದ ಅಂಕಗಳನ್ನು 32ನೇ ವಾರದ ಗರ್ಭಿಣಿಗೆ ಅನ್ವಯಿಸುವುದು ನನ್ನ ದೃಷ್ಟಿಯಲ್ಲಿ ಅಜಾಗರೂಕತೆ.

ಒಳಗಿನ ಪದರದ ಜೊತೆಗೆ ಹೊರಗಿನದ್ದೂ ಒಂದಿದೆ. ತುಳುನಾಡಿನಲ್ಲಿ ಬಸುರಿಯ ಹೊಟ್ಟೆಗೆ ತೆಂಗಿನೆಣ್ಣೆ ಸವರುವುದು ಮನೆಮನೆಯ ರೂಢಿ. ಎಣ್ಣೆಯ ಮೇಲೆ ಅಂಟಿಸಿದ ಎಲೆಕ್ಟ್ರೋಡಿನ ತಡೆ ಏರುತ್ತದೆ, ಹತ್ತಾರು ಮೈಕ್ರೋವೋಲ್ಟಿನ ಸಂಕೇತ ಗದ್ದಲದಲ್ಲಿ ಮುಳುಗುತ್ತದೆ. ಏಪ್ರಿಲ್–ಮೇ ತಿಂಗಳ ಸೆಖೆಯ ಸಮಸ್ಯೆ ಬೇರೆ: ಬೆವರಿನ ಉಪ್ಪು ತಡೆಯನ್ನು ತಗ್ಗಿಸುತ್ತದೆ ನಿಜ, ಆದರೆ ಅಂಟು ಸಡಿಲವಾಗುತ್ತದೆ, ಇಸಿಜಿಯ ಮೂಲರೇಖೆ ತೇಲಾಡುತ್ತದೆ. ಪಕ್ಕಪಕ್ಕದ ಎಲೆಕ್ಟ್ರೋಡುಗಳ ನಡುವೆ ಬೆವರಿನ ಸೇತುವೆಯೂ ಕಟ್ಟಿಕೊಳ್ಳಬಹುದು. ಕಾವೂರಿನಲ್ಲಿ 220 ಕೆ.ವಿ. ವಿದ್ಯುತ್ ಸ್ವೀಕರಣಾ ಕೇಂದ್ರವಿದೆ. ದಾಖಲೆಯಲ್ಲಿ ನುಸುಳುವ ವಿದ್ಯುತ್ ಸರಬರಾಜಿನ 50 ಹರ್ಟ್ಸ್ ಗದ್ದಲಕ್ಕೆ ಅದನ್ನೇ ಶಂಕಿಸುವವರಿದ್ದಾರು. ಆದರೆ ದೂಷಿಸಬೇಕಾದ್ದು ಹಾಸಿಗೆಯ ಬದಿಯ ಗೋಡೆಯ ವಯರಿಂಗನ್ನು, ಸರಿಯಿಲ್ಲದ ಅರ್ಥಿಂಗನ್ನು, ಮತ್ತು ಒಂದು ಎಲೆಕ್ಟ್ರೋಡಿಗೂ ಇನ್ನೊಂದಕ್ಕೂ ಇರುವ ತಡೆಯ ವ್ಯತ್ಯಾಸವನ್ನು. ಸೋಪುನೀರಿನಿಂದ ಒರೆಸಿ, ಚರ್ಮವನ್ನು ಹಗುರವಾಗಿ ಉಜ್ಜಿ, ಒಣಗಿಸಿ ಅಂಟಿಸಿದರೆ ಇವೆಲ್ಲ ಬಹುಮಟ್ಟಿಗೆ ತಗ್ಗುತ್ತವೆ. ಪ್ರಬಂಧಗಳಲ್ಲಿ ಅರ್ಧ ಸಾಲೂ ಸಿಗದ ಈ ಕೆಲಸ ನಿಜದಲ್ಲಿ ನರ್ಸಮ್ಮನ ಕೈಚಳಕಕ್ಕೆ ಸೇರಿದ್ದು.

ಉಪಕರಣ ಸುಧಾರಿಸಿದರೂ ಎಚ್ಚರ ಬೇಕು. 2015ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ, 11,000ಕ್ಕೂ ಹೆಚ್ಚು ಹೆರಿಗೆಗಳಲ್ಲಿ, ಮಗುವಿನ ನೆತ್ತಿಗೆ ಎಲೆಕ್ಟ್ರೋಡ್ ಚುಚ್ಚಿ, ಇಸಿಜಿಯಲ್ಲಿ ಚೂಪು ಅಲೆಯ ನಂತರ ಬರುವ ಎಸ್‌ಟಿ ಭಾಗವನ್ನು ವಿಶ್ಲೇಷಿಸಿದರೂ ಫಲಿತಾಂಶ ಉತ್ತಮಗೊಳ್ಳಲಿಲ್ಲ, ಸಿಸೇರಿಯನ್ನೂ ಇಳಿಯಲಿಲ್ಲ. ನೇರವಾಗಿ ಸಿಕ್ಕ ಸ್ವಚ್ಛ ಸಂಕೇತದ ಕತೆಯೇ ಹೀಗಿರುವಾಗ ಹೊಟ್ಟೆಯ ಮೇಲಿನಿಂದ ಎಸ್‌ಟಿ ಓದುತ್ತೇವೆಂಬ ಮಾತನ್ನು ಅಷ್ಟು ಬೇಗ ನಂಬಬೇಕಿಲ್ಲ. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಶೇ. 31.5 ಹೆರಿಗೆಗಳು ಸಿಸೇರಿಯನ್. ಇನ್ನೊಂದು ಅಲಾರಾಂ ಸೇರಿಸಿ ಆ ಸಂಖ್ಯೆಯನ್ನು ಏರಿಸುವುದು ಯಾರಿಗೂ ಬೇಡ.

ಆದ್ದರಿಂದ ಕರಾವಳಿಯಲ್ಲಿ ನಡೆಯಬೇಕಾದ ಅಧ್ಯಯನದ ಗುರಿ ಸೀಮಿತವಾಗಿರಲಿ: ಹೃದಯದ ವೇಗ, ಬಡಿತದ ಅಂತರಗಳ ಏರಿಳಿತ, ಲಯದ ದೋಷ. ದಾಖಲೆಯ ಎಷ್ಟು ನಿಮಿಷ ಓದಲು ಬಾರದೆ ಹೋಯಿತು ಎಂಬುದನ್ನು ಗರ್ಭದ ವಾರವಾರು, ಬೇಸಿಗೆ–ಮಳೆಗಾಲವಾರು, ಎಣ್ಣೆ ಹಚ್ಚಿದ್ದು ಹಚ್ಚದ್ದು ಬೇರೆಮಾಡಿ ವರದಿ ಮಾಡಬೇಕು. 28ರಿಂದ 36ನೇ ವಾರದ ಸಾಲು ಬಹುಶಃ ತುಂಬ ಖಾಲಿ ಕಾಣುತ್ತದೆ. ಆ ವಾರಗಳಿಗೆ ಡಾಪ್ಲರನ್ನೇ ಉಳಿಸಿಕೊಳ್ಳಬೇಕಾದೀತು.