ಉಳುಮೆ ನಮ್ಮದು, ಪಹಣಿ ಯಾರದು?

ಲಿನಕ್ಸ್‌ನಲ್ಲಿ ಇವತ್ತು ಕ್ಯೂಟಿ ಲೈಬ್ರರಿ ಬೇಕು ಅಂದ್ರೆ ಟರ್ಮಿನಲ್‌ನಲ್ಲಿ ಒಂದು ಸಾಲು ಟೈಪ್ ಮಾಡಿದ್ರೆ ಸಾಕು. ಪ್ಯಾಂಟ್ರಿಗೆ ಹೋಗಿ ಕಾಫಿ ತಗೊಂಡು ಬರೋಷ್ಟರಲ್ಲಿ ಇನ್‌ಸ್ಟಾಲ್ ಆಗಿ ಕೂತಿರುತ್ತೆ. ಇಪ್ಪತ್ತೈದು ವರ್ಷದ ಹಿಂದೆ ಕಥೆಯೇ ಬೇರೆ. ಸೋರ್ಸ್ ಕೋಡಿನ ಟಾರ್‌ಬಾಲ್ ಇಳಿಸಿಕೊಂಡು ಬಿಚ್ಚಬೇಕು. 'ಕಾನ್ಫಿಗರ್' ಅನ್ನೋ ಸ್ಕ್ರಿಪ್ಟ್ ಓಡಿಸಬೇಕು. ಆಮೇಲೆ 'ಮೇಕ್', ಕೊನೆಗೆ 'ಮೇಕ್ ಇನ್‌ಸ್ಟಾಲ್'. ಆಗಿನ ಮಷೀನುಗಳಲ್ಲಿ ನಡುವಿನ ಆ 'ಮೇಕ್' ಗಂಟೆಗಟ್ಟಲೆ ಓಡುತ್ತಿತ್ತು.

ಕ್ಯೂಟಿಯ ಕಾನ್ಫಿಗರ್ ಸ್ಕ್ರಿಪ್ಟಿಗೆ ಇನ್ನೊಂದು ಅಭ್ಯಾಸ ಇತ್ತು. ಕಂಪೈಲ್ ಮಾತಿಗೆ ಮುಂಚೆ ಅದು ಲೈಸೆನ್ಸ್ ತೋರಿಸಿ, ಒಪ್ತೀರಾ ಅಂತ ಕೇಳುತ್ತಿತ್ತು. 'ಯೆಸ್' ಅಂತ ಮೂರೂ ಅಕ್ಷರ ಟೈಪ್ ಮಾಡಿದ್ರೇನೇ ಮುಂದಕ್ಕೆ. ಆ ಲೈಸೆನ್ಸನ್ನು ಕೂತು ಓದಿದವರು ಕಡಿಮೆ. ಆದರೆ ಲಿನಕ್ಸ್ ಡೆಸ್ಕ್‌ಟಾಪ್ ಯಾಕೆ ಎರಡು ಹೋಳಾಯ್ತು ಅಂತ ತಿಳೀಬೇಕಾದ್ರೆ ಆ 'ಯೆಸ್' ಹಿಂದಿನ ಕಥೆ ತಿಳೀಬೇಕು.

ಮೊದಲಿಗೆ, ಈ ಕಂಪೈಲ್ ಮಾಡೋ ಪಾಡು ಯಾಕೆ ಬಂತು?

ವಿಂಡೋಸ್‌ನಲ್ಲಿ ಬೆಳೆದವರಿಗೆ ಸಾಫ್ಟ್‌ವೇರ್ ಅಂದ್ರೆ ಡಬಲ್ ಕ್ಲಿಕ್ ಮಾಡೋ ಫೈಲು. ಯುನಿಕ್ಸ್ ಲೋಕದಲ್ಲಿ ಹಾಗಾಗೋದು ಸಾಧ್ಯವೇ ಇರಲಿಲ್ಲ. ಸನ್ ಕಂಪನಿಯದು ಒಂದು ಯುನಿಕ್ಸ್, ಎಚ್‌ಪಿಯದು ಇನ್ನೊಂದು, ಐಬಿಎಂದು ಮತ್ತೊಂದು. ಪ್ರೊಸೆಸರ್ ಬೇರೆ, ಕಂಪೈಲರ್ ಬೇರೆ, ಹೆಡರ್ ಫೈಲುಗಳು ಇರೋ ಜಾಗವೂ ಬೇರೆ. ಒಂದರಲ್ಲಿ ತಯಾರಾದ ಬೈನರಿ ಇನ್ನೊಂದರಲ್ಲಿ ಓಡೋಲ್ಲ. ಹಾಗಾಗಿ ಹಂಚೋಕೆ ಸಾಧ್ಯ ಇದ್ದದ್ದು ಸೋರ್ಸ್ ಒಂದೇ. ಅವರವರ ಮಷೀನಿಗೆ ಅವರವರೇ ಕಂಪೈಲ್ ಮಾಡಿಕೊಳ್ಳಬೇಕಿತ್ತು. ಊರಿಗೆ ರಾಗಿ ಮೂಟೆ ಬರುತ್ತೆ, ಹಿಟ್ಟು ಮಾಡಿಸಿಕೊಳ್ಳೋದು ನಿಮ್ಮ ಕೆಲಸ ಅಂದ ಹಾಗೆ.

ಆ ಹಿಟ್ಟಿನ ಗಿರಣಿಯೇ 'ಮೇಕ್'. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟೂವರ್ಟ್ ಫೆಲ್ಡ್‌ಮನ್ ಬರೆದದ್ದು. ಯಾವ ಫೈಲು ಯಾವುದರ ಮೇಲೆ ಅವಲಂಬಿಸಿದೆ ಅಂತ ನೋಡಿ, ಬದಲಾಗಿದ್ದನ್ನು ಮಾತ್ರ ಮತ್ತೆ ಕಂಪೈಲ್ ಮಾಡೋದು ಅದರ ಕೆಲಸ. ಮೇಕ್‌ಫೈಲ್‌ನಲ್ಲಿ ಸ್ಪೇಸ್ ಬದಲು ಟ್ಯಾಬ್ ಹಾಕಲೇಬೇಕು ಅನ್ನೋ ಕಿರಿಕಿರಿ ನಿಯಮವೂ ಆಗಿನದ್ದೇ. ತಪ್ಪು ಅಂತ ಗೊತ್ತಾಗೋಷ್ಟರಲ್ಲಿ ಹತ್ತು ಹನ್ನೆರಡು ಜನ ಅದನ್ನು ಬಳಸೋಕೆ ಶುರು ಮಾಡಿದ್ದರು, ಅವರಿಗೆ ತೊಂದರೆ ಆಗಬಾರದು ಅಂತ ಬಿಟ್ಟೆ ಅಂತ ಫೆಲ್ಡ್‌ಮನ್ ಹೇಳಿದ್ದಾರೆ. ಆ ಹತ್ತು ಹನ್ನೆರಡು ಜನರ ದೆಸೆಯಿಂದ ಇವತ್ತಿಗೂ ನಾವು ಟ್ಯಾಬ್ ಒತ್ತುತ್ತಾ ಇದೀವಿ.

1991ರಲ್ಲಿ ಡೇವಿಡ್ ಮೆಕೆಂಜಿ ಆಟೋಕಾನ್ಫ್ ಶುರು ಮಾಡಿದರು. ಅದು ಹುಟ್ಟಿಸೋ ಕಾನ್ಫಿಗರ್ ಸ್ಕ್ರಿಪ್ಟ್ ನಿಮ್ಮ ಮಷೀನನ್ನು ತಡಕಾಡುತ್ತೆ. ಈ ಹೆಡರ್ ಇದೆಯಾ? ಈ ಫಂಕ್ಷನ್ ಇದೆಯಾ? ಗೊತ್ತಾಗೋಕೆ ಪುಟ್ಟ ಪುಟ್ಟ ಪ್ರೋಗ್ರಾಮ್ ಬರೆದು, ತಾನೇ ಕಂಪೈಲ್ ಮಾಡಿ ನೋಡುತ್ತೆ. ಪರದೆ ಮೇಲೆ ಉದ್ದಕ್ಕೂ ಓಡೋ 'ಚೆಕಿಂಗ್... ಯೆಸ್, ಚೆಕಿಂಗ್... ನೋ' ಸಾಲುಗಳು ಅವೇ.

ಟೆಕ್ಸ್ಟ್ ಪ್ರೋಗ್ರಾಮುಗಳಿಗೆ ಇಷ್ಟು ಸಾಕಾಗುತ್ತಿತ್ತು. ಬಟನ್ನು, ಮೆನು, ವಿಂಡೋ ಬಂದಾಗ ಸಮಸ್ಯೆ ಹತ್ತು ಪಟ್ಟು. ವಿಂಡೋಸ್‌ನಲ್ಲಿ ಬಟನ್ ಬರೆಯೋ ರೀತಿಗೂ ಮ್ಯಾಕ್‌ನಲ್ಲಿ ಬರೆಯೋ ರೀತಿಗೂ ಸಂಬಂಧವೇ ಇಲ್ಲ. ಯುನಿಕ್ಸ್‌ನಲ್ಲಿ ಮೋಟಿಫ್ ಅನ್ನೋ ಟೂಲ್‌ಕಿಟ್ ಇತ್ತು, ಅದಕ್ಕೆ ದುಡ್ಡು ಕೊಡಬೇಕಿತ್ತು. ಒಂದೇ ಕೋಡು ಎಲ್ಲಾ ಕಡೆ ಓಡಬೇಕು ಅನ್ನೋ ಆಸೆ ಇದ್ದವರಿಗೆ ಇದ್ದ ದಾರಿ ಎರಡೇ: ದುಬಾರಿ ಲೈಬ್ರರಿ ಕೊಳ್ಳೋದು, ಇಲ್ಲಾ ತಾವೇ ಬರೆಯೋದು.

1992ರಲ್ಲಿ ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿದ್ದ ಜೂಲಿಯನ್ ಸ್ಮಾರ್ಟ್ ಎರಡನೇ ದಾರಿ ಹಿಡಿದರು. ಅವರ ಡಯಾಗ್ರಾಮ್ ಟೂಲ್ ಒಂದು ವಿಂಡೋಸ್‌ನಲ್ಲೂ ಯುನಿಕ್ಸ್‌ನಲ್ಲೂ ಓಡಬೇಕಿತ್ತು. ಅದಕ್ಕೋಸ್ಕರ ಹುಟ್ಟಿದ್ದು ಡಬ್ಲ್ಯುಎಕ್ಸ್‌ವಿಂಡೋಸ್. ಡಬ್ಲ್ಯು ಅಂದ್ರೆ ವಿಂಡೋಸ್, ಎಕ್ಸ್ ಅಂದ್ರೆ ಯುನಿಕ್ಸ್‌ನ ಎಕ್ಸ್ ವಿಂಡೋ. ಮೈಕ್ರೋಸಾಫ್ಟ್ ತಕರಾರು ಎತ್ತಿದ ಮೇಲೆ 2004ರಲ್ಲಿ ಹೆಸರು ಡಬ್ಲ್ಯುಎಕ್ಸ್‌ವಿಜೆಟ್ಸ್ ಆಯ್ತು.

ಅದೇ ಹೊತ್ತಿಗೆ ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ ಇಬ್ಬರು ಇದೇ ತಲೆನೋವಿನಲ್ಲಿದ್ದರು. ಹೋವಾರ್ಡ್ ನೂರ್ಡ್ ಮತ್ತು ಐರಿಕ್ ಶಾಂಬೆ-ಎಂಗ್. 1990ರಲ್ಲಿ ಅವರು ಅಲ್ಟ್ರಾಸೌಂಡ್ ಚಿತ್ರಗಳ ಡೇಟಾಬೇಸ್ ಮಾಡುತ್ತಿದ್ದರು. ಅದು ಯುನಿಕ್ಸ್, ಮ್ಯಾಕ್, ವಿಂಡೋಸ್ ಮೂರರಲ್ಲೂ ಓಡಬೇಕಿತ್ತು. 1991ರಲ್ಲಿ ನೂರ್ಡ್ ಲೈಬ್ರರಿ ಬರೆಯೋಕೆ ಕೂತರು. 1994ರಲ್ಲಿ ಕಂಪನಿ ಕಟ್ಟಿದರು. ಅದೇ ಮುಂದೆ ಟ್ರಾಲ್‌ಟೆಕ್ ಆಯ್ತು. 1995ರ ಮೇ 20ಕ್ಕೆ ಮೊದಲ ಸಾರ್ವಜನಿಕ ಆವೃತ್ತಿ ಹೊರಬಂತು. ನೂರ್ಡ್ ಅವರ ಈಮ್ಯಾಕ್ಸ್ ಎಡಿಟರಿನ ಫಾಂಟಿನಲ್ಲಿ 'ಕ್ಯೂ' ಅಕ್ಷರ ಚೆನ್ನಾಗಿ ಕಾಣ್ತಿತ್ತಂತೆ, ಅದಕ್ಕೇ ಕ್ಯೂಟಿ. ನಾವು ಹಾಗೆ ಓದಿದ್ರೂ ಹುಟ್ಟಿಸಿದವರು ಕರೆಯೋದು 'ಕ್ಯೂಟ್' ಅಂತ.

ಬಳಸಿದವರಿಗೆ ಅದು ನಿಜಕ್ಕೂ ಹಿಡಿಸಿತು. ಬಟನ್ ಒತ್ತಿದಾಗ ಏನಾಗಬೇಕು ಅನ್ನೋದನ್ನ 'ಸಿಗ್ನಲ್' ಮತ್ತು 'ಸ್ಲಾಟ್' ಅಂತ ಎರಡು ತುದಿ ಜೋಡಿಸಿ ಹೇಳಿಬಿಡಬಹುದಿತ್ತು. ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಈ ಸೌಲಭ್ಯ ಇಲ್ಲ. ಅದಕ್ಕೇ 'ಮಾಕ್' ಅನ್ನೋ ಪುಟ್ಟ ಪ್ರೋಗ್ರಾಮ್ ಮೊದಲು ನಿಮ್ಮ ಹೆಡರ್ ಓದಿ, ಬೇಕಾದ ಸಿ ಪ್ಲಸ್ ಪ್ಲಸ್ ಕೋಡನ್ನು ತಾನೇ ಬರೆದುಕೊಡುತ್ತೆ. ಆಮೇಲೆ ಅಸಲಿ ಕಂಪೈಲರ್ ಕೆಲಸ. ಕ್ಯೂಟಿ ಮುಟ್ಟಿದವರಿಗೆಲ್ಲ 'ಅನ್‌ಡಿಫೈನ್ಡ್ ರೆಫರೆನ್ಸ್ ಟು ವಿ-ಟೇಬಲ್' ಅನ್ನೋ ಎರರ್ ಪರಿಚಯ ಇರುತ್ತೆ. ಎಷ್ಟೋ ಸಲ ಅದರರ್ಥ ಇಷ್ಟೇ: ಆ ಹೆಡರ್ ಮೇಲೆ ಮಾಕ್ ಓಡಿಲ್ಲ.

1996ರ ಅಕ್ಟೋಬರ್ 14ರಂದು ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮಟಿಯಾಸ್ ಎಟ್ರಿಶ್ ಒಂದು ಕರೆ ಕೊಟ್ಟರು. ಲಿನಕ್ಸ್‌ನಲ್ಲಿ ಪ್ರತಿ ಪ್ರೋಗ್ರಾಮೂ ಒಂದೊಂದು ಥರ ಕಾಣುತ್ತೆ, ಸಾಮಾನ್ಯ ಜನ ಬಳಸೋ ಹಾಗೆ ಪೂರ್ತಿ ಡೆಸ್ಕ್‌ಟಾಪ್ ಕಟ್ಟೋಣ ಬನ್ನಿ ಅಂತ. ಅದೇ ಕೆಡಿಇ. ಅಡಿಪಾಯಕ್ಕೆ ಅವರು ಆರಿಸಿದ್ದು ಕ್ಯೂಟಿ.

ಜಗಳ ಶುರುವಾಗಿದ್ದು ಇಲ್ಲಿಂದ. ಯುನಿಕ್ಸ್‌ನಲ್ಲಿ ಉಚಿತ ಸಾಫ್ಟ್‌ವೇರ್ ಬರೆಯೋರಿಗೆ ಕ್ಯೂಟಿ ಉಚಿತ. ಸೋರ್ಸ್ ಕೊಡ್ತಾರೆ, ಓದಬಹುದು, ಕಂಪೈಲ್ ಮಾಡಬಹುದು. ಆದರೆ ತಿದ್ದಿದ ಕ್ಯೂಟಿಯನ್ನು ಇನ್ನೊಬ್ಬರಿಗೆ ಹಂಚೋ ಹಾಗಿಲ್ಲ. ವಿಂಡೋಸ್‌ಗೆ ಬೇಕಾದ್ರೆ ದುಡ್ಡು. 'ಸೋರ್ಸ್ ಕಣ್ಣೆದುರಿಗೇ ಇದೆಯಲ್ಲ, ಇನ್ನೇನು?' ಅಂತ ಒಂದು ಗುಂಪು. 'ನಾಳೆ ಕಂಪನಿ ಮನಸ್ಸು ಬದಲಾಯಿಸಿದ್ರೆ?' ಅಂತ ಇನ್ನೊಂದು ಗುಂಪು.

ಹಳ್ಳಿ ಕಡೆಯವರಿಗೆ ಈ ಜಗಳ ಥಟ್ಟಂತ ಅರ್ಥ ಆಗುತ್ತೆ. ಪಹಣಿಯಲ್ಲಿ 9ನೇ ಕಾಲಂ ಮಾಲೀಕರದ್ದು, 12ನೇ ಕಾಲಂ ಉಳುವವರದ್ದು. ಹೊಲ ಉತ್ತು, ಬಿತ್ತಿ, ಬೆಳೆ ತೆಗೆಯೋದು ಒಂದು ಮಾತು. 9ನೇ ಕಾಲಂನಲ್ಲಿ ಹೆಸರಿರೋದು ಬೇರೆಯೇ ಮಾತು. ಗೇಣಿ ಹೊಲದಲ್ಲಿ ಬಾವಿ ತೋಡಿಸಿ, ಬದು ಹಾಕಿಸಿದ ಮೇಲೆ 'ಮುಂದಿನ ವರ್ಷದಿಂದ ಬೇಡ' ಅಂತ ಧಣಿ ಅಂದ್ರೆ ಕೇಳೋಕೆ ಏನೂ ಇರುತ್ತಿರಲಿಲ್ಲ. 1974ರ ಭೂಸುಧಾರಣೆ ಕಾಯ್ದೆ ಬಂದಾಗ ಗೇಣಿದಾರರು 7ನೇ ನಮೂನೆ ಅರ್ಜಿ ಹಿಡಿದು ಭೂ ನ್ಯಾಯಮಂಡಳಿ ಮುಂದೆ ನಿಂತದ್ದು ಈ ಭಯ ತಪ್ಪಲಿ ಅಂತಲೇ. ಕೆಡಿಇ ಹುಡುಗರು ಹಾಕಿದ್ದು ಸಾವಿರಾರು ಗಂಟೆಗಳ ಬಿಟ್ಟಿ ದುಡಿಮೆ. ಹೊಲದ 9ನೇ ಕಾಲಂನಲ್ಲಿ ಟ್ರಾಲ್‌ಟೆಕ್ ಹೆಸರಿತ್ತು.

ಭಯ ಬಿದ್ದವರು ಸುಮ್ಮನೆ ಕೂರಲಿಲ್ಲ. 1997ರ ಆಗಸ್ಟ್‌ನಲ್ಲಿ ಮೆಕ್ಸಿಕೋದ ಮಿಗೆಲ್ ಡೆ ಇಕಾಸಾ ಮತ್ತು ಫೆಡೆರಿಕೊ ಮೆನಾ ಗ್ನೋಮ್ ಅನ್ನೋ ಇನ್ನೊಂದು ಡೆಸ್ಕ್‌ಟಾಪ್ ಘೋಷಿಸಿದರು. ಅದರ ಅಡಿಪಾಯ ಜಿಟಿಕೆ. ಬರ್ಕ್ಲಿಯ ವಿದ್ಯಾರ್ಥಿಗಳಾದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ ಗಿಂಪ್ ಅನ್ನೋ ಚಿತ್ರ ತಿದ್ದೋ ಪ್ರೋಗ್ರಾಮ್ ಬರೆದಿದ್ದರು. ಮೊದಲು ಅದು ಮೋಟಿಫ್ ಮೇಲೆ ನಿಂತಿತ್ತು. ಮೋಟಿಫ್ ಸಹವಾಸ ಸಾಕು ಅಂತ ತಾವೇ ಬರೆದುಕೊಂಡ ಟೂಲ್‌ಕಿಟ್ ಜಿಟಿಕೆ. ಇನ್ನೊಂದು ಕಡೆ ಹಾರ್ಮನಿ ಅನ್ನೋ ಹೆಸರಿನಲ್ಲಿ ಕ್ಯೂಟಿಯ ತದ್ರೂಪವನ್ನು ಮೊದಲಿನಿಂದ ಬರೆಯೋ ಪ್ರಯತ್ನವೂ ನಡೀತು.

1998ರ ಅಕ್ಟೋಬರ್‌ನಲ್ಲಿ ಡೆಬಿಯನ್ ತಂಡ ಕೆಡಿಇಯನ್ನು ತನ್ನ ಭಂಡಾರದಿಂದ ತೆಗೆದೇಬಿಟ್ಟಿತು. ಅವರ ವಾದ ಹೀಗಿತ್ತು. ಕೆಡಿಇ ಇರೋದು ಜಿಪಿಎಲ್ ಲೈಸೆನ್ಸಿನಡಿ. ಜಿಪಿಎಲ್ ಪ್ರಕಾರ ಬೈನರಿ ಹಂಚೋದಾದ್ರೆ, ಅದರೊಳಗೆ ಸೇರಿದ್ದೆಲ್ಲದಕ್ಕೂ ಅದೇ ಸ್ವಾತಂತ್ರ್ಯ ಇರಬೇಕು. ಕ್ಯೂಟಿಗೆ ಆ ಸ್ವಾತಂತ್ರ್ಯ ಇಲ್ಲ, ಆದ್ದರಿಂದ ಎರಡನ್ನೂ ಬೆಸೆದ ಬೈನರಿ ಹಂಚೋ ಹಕ್ಕು ನಮಗಿಲ್ಲ. ನೋಡಿ, ಸೋರ್ಸ್ ಇಳಿಸಿಕೊಂಡು ನಿಮ್ಮ ಮನೆಯಲ್ಲಿ ನೀವು ಕಂಪೈಲ್ ಮಾಡಿಕೊಂಡ್ರೆ ಯಾರೂ ಕೇಳೋಲ್ಲ. ಕಂಪೈಲ್ ಆಗಿದ್ದನ್ನ ಪಕ್ಕದವರಿಗೆ ಕೊಟ್ರೆ ತಕರಾರು. ಯುನಿಕ್ಸ್‌ಗಳ ವೈವಿಧ್ಯದಿಂದ ಹುಟ್ಟಿದ ಕಂಪೈಲ್ ಪಾಡು ಇಲ್ಲಿ ಲೈಸೆನ್ಸಿನ ಪಾಡೂ ಆಯ್ತು.

ಟ್ರಾಲ್‌ಟೆಕ್‌ನವರು ಕೆಟ್ಟ ಧಣಿಗಳಾಗಿರಲಿಲ್ಲ ಅನ್ನೋದನ್ನೂ ಹೇಳಬೇಕು. ಅವರಿಗೂ ಸಂಬಳ ಕೊಡಬೇಕಿತ್ತು, ಲೈಸೆನ್ಸ್ ಮಾರಾಟವೇ ಅವರ ಅನ್ನ. ಆದರೂ 1998ರಲ್ಲೇ ಅವರು ಕೆಡಿಇ ಜೊತೆ ಒಂದು ಕರಾರು ಮಾಡಿಕೊಂಡು, 'ಕೆಡಿಇ ಫ್ರೀ ಕ್ಯೂಟಿ ಫೌಂಡೇಶನ್' ಕಟ್ಟಿದರು. ಕರಾರಿನ ತಿರುಳು ಇಷ್ಟು: ಕಂಪನಿ 12 ತಿಂಗಳ ಕಾಲ ಉಚಿತ ಆವೃತ್ತಿ ಬಿಡುಗಡೆ ಮಾಡದೇ ಹೋದ್ರೆ, ಕೊನೆಯ ಆವೃತ್ತಿಯನ್ನು ಬಿಎಸ್‌ಡಿ ಮಾದರಿಯ ಲೈಸೆನ್ಸಿನಲ್ಲಿ ಎಲ್ಲರಿಗೂ ಬಿಟ್ಟುಕೊಡೋ ಹಕ್ಕು ಫೌಂಡೇಶನ್‌ಗೆ. ಕಂಪನಿ ಬೇರೆಯವರ ಕೈಗೆ ಹೋದ್ರೂ, ಮುಳುಗಿದ್ರೂ ಕರಾರು ನಿಲ್ಲುತ್ತೆ.

1999ರಲ್ಲಿ ಕ್ಯೂಟಿ 2.0 ಹೊಸ ಲೈಸೆನ್ಸಿನೊಂದಿಗೆ ಬಂತು. ತಿದ್ದಿದ್ದನ್ನ ಹಂಚಬಹುದು, ಆದರೆ ಪ್ಯಾಚ್ ರೂಪದಲ್ಲಿ ಬೇರೆಯಾಗಿ ಮಾತ್ರ. ಅರ್ಧ ತಕರಾರು ಹಾಗೇ ಉಳೀತು. 2000ದ ಸೆಪ್ಟೆಂಬರ್‌ನಲ್ಲಿ ಯುನಿಕ್ಸ್ ಆವೃತ್ತಿಗೆ ಜಿಪಿಎಲ್ ಸೇರಿಸಿದ ಮೇಲೆ ಜಗಳ ತಣ್ಣಗಾಯ್ತು. ಕೆಡಿಇ ಡೆಬಿಯನ್‌ಗೆ ವಾಪಸ್ ಬಂತು. ಅಷ್ಟರಲ್ಲಿ ಗ್ನೋಮ್ ಬೆಳೆದು ನಿಂತಿತ್ತು. ಒಂದಾಗಬಹುದಾಗಿದ್ದ ಲಿನಕ್ಸ್ ಡೆಸ್ಕ್‌ಟಾಪ್ ಎರಡಾಗೇ ಉಳೀತು.

1998ರ ಆ ಕರಾರಿಗೆ ಬೆಲೆ ಬಂದದ್ದು ಆಮೇಲೆ. 2008ರಲ್ಲಿ ನೋಕಿಯಾ ಟ್ರಾಲ್‌ಟೆಕ್ ಕೊಂಡಿತು. 2009ರಲ್ಲಿ ಕ್ಯೂಟಿ 4.5ಕ್ಕೆ ಎಲ್‌ಜಿಪಿಎಲ್ ಕೊಟ್ಟು ಇನ್ನಷ್ಟು ಸಡಿಲ ಮಾಡಿತು. 2011ರ ಫೆಬ್ರವರಿಯಲ್ಲಿ ಅದೇ ನೋಕಿಯಾ ಮೈಕ್ರೋಸಾಫ್ಟ್‌ನ ವಿಂಡೋಸ್ ಫೋನ್ ಕಡೆ ತಿರುಗಿತು. ಕ್ಯೂಟಿ ನಂಬಿದವರು ಕಂಗಾಲು. 2012ರಲ್ಲಿ ಫಿನ್‌ಲ್ಯಾಂಡಿನ ಡಿಜಿಯಾ ಕೊಂಡಿತು, 2014ರಲ್ಲಿ ಅದಕ್ಕೆಂದೇ 'ದಿ ಕ್ಯೂಟಿ ಕಂಪನಿ' ಹುಟ್ಟಿತು. ಇಷ್ಟು ಸಲ ಧಣಿ ಬದಲಾದ್ರೂ ಒಕ್ಕಲೆಬ್ಬಿಸೋಕೆ ಯಾರಿಗೂ ಆಗಲಿಲ್ಲ. 2021ರ ಆರಂಭದಿಂದ ಕ್ಯೂಟಿ 5.15ರ ದೀರ್ಘಕಾಲದ ರಿಪೇರಿ ಆವೃತ್ತಿಗಳು ದುಡ್ಡು ಕೊಟ್ಟವರಿಗೆ ಮೊದಲು ಅಂತ ಕಂಪನಿ ಮಾಡಿತು. ಕೆಡಿಇ ಬಳಗ ಏನು ಮಾಡಿತು? ಬೇಕಾದ ಪ್ಯಾಚುಗಳನ್ನು ತಾನೇ ಒಟ್ಟು ಮಾಡಿ, ನೋಡಿಕೊಂಡು, ಎಲ್ಲರಿಗೂ ಹಂಚಿತು. 1996ರ ಲೈಸೆನ್ಸಿನಲ್ಲಿ ಇದೇ ಕೆಲಸ ಮಾಡೋ ಹಾಗಿರಲಿಲ್ಲ.

'ನಾನು ಕ್ಯೂಟಿ ಬಳಸೋಲ್ಲ, ನನಗ್ಯಾಕೆ ಇದೆಲ್ಲ' ಅನ್ನೋರಿಗೆ ಒಂದು ಮಾತು. 'ಅಕ್ಕ' ಅಂತ ಬರೆಯೋಕೆ ಕಂಪ್ಯೂಟರಿನೊಳಗೆ ಇರೋದು ಅ, ಕ, ವಿರಾಮ ಚಿಹ್ನೆ, ಮತ್ತೆ ಕ. ಎರಡನೇ ಕ ಒತ್ತಾಗಿ ಕೆಳಗೆ ಇಳೀಬೇಕು ಅಂತ ಯಾರಾದರೂ ಲೆಕ್ಕ ಹಾಕಬೇಕು. 'ಅರ್ಕ' ಅಂತ ಬರೆದ್ರೆ ಮೊದಲು ಬರೋ ರಕಾರ ಅರ್ಕಾವತ್ತಾಗಿ ಹಿಂದೆ ಹೋಗಬೇಕು. ಈ ಜೋಡಿಸೋ ಕೆಲಸಕ್ಕೆ ಫ್ರೀಟೈಪ್ ಯೋಜನೆಯಲ್ಲಿ ಹುಟ್ಟಿದ ಕೋಡಿನ ಒಂದು ಪ್ರತಿ ಕ್ಯೂಟಿಯೊಳಗೆ ಬೆಳೀತು, ಇನ್ನೊಂದು ಪ್ರತಿ ಜಿಟಿಕೆ ಬಳಸೋ ಪ್ಯಾಂಗೋ ಒಳಗೆ ಬೆಳೀತು. ಜಗಳವಾಡಿದ್ದ ಎರಡು ಮನೆಯ ಕೋಡು ಆಮೇಲೆ ಒಂದೇ ಯೋಜನೆಯಾಯ್ತು, ಹೆಸರು ಹಾರ್ಫ್‌ಬಜ್. ಇವತ್ತು ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲದರಲ್ಲೂ ಅಕ್ಷರ ಜೋಡಿಸೋದು ಅದೇ.

ಆಂಡ್ರಾಯ್ಡ್ ಫೋನಿನಲ್ಲಿ ನಿಮ್ಮಮ್ಮ ಕಳಿಸೋ ಕನ್ನಡ ಮೆಸೇಜಿನ ಒತ್ತಕ್ಷರ ಸರಿಯಾಗಿ ಕೂರೋದು ಆ ಕೋಡಿನಿಂದ. ಎಲ್ಲಾದ್ರೂ ಒಂದು ಒತ್ತು ತಪ್ಪಾಗಿ ಬಿತ್ತು ಅಂದ್ಕೊಳ್ಳಿ. ಸೋರ್ಸ್ ಇಳಿಸಿಕೊಂಡು, ತಿದ್ದಿ, ಕಂಪೈಲ್ ಮಾಡಿ, ಸರಿಯಾಗಿದ್ದನ್ನ ಊರಿಗೆಲ್ಲ ಹಂಚೋ ಹಕ್ಕು ನಿಮಗಿದೆ. ಯಾವ ಧಣಿಯ ಅಪ್ಪಣೆಯೂ ಬೇಕಿಲ್ಲ. ಆ ಹೊಲದ 9ನೇ ಕಾಲಂನಲ್ಲಿ ನಿಮ್ಮ ಹೆಸರೂ ಇದೆ.