ಒಂದು ಶಿಲೆಯ ಸಾಕ್ಷ್ಯ

ಇತಿಹಾಸವೆಂದೊಡನೆ ನಮ್ಮಲ್ಲಿ ಅನೇಕರಿಗೆ ಶಾಲೆಯಲ್ಲಿ ಕಂಠಪಾಠ ಮಾಡಿದ ರಾಜರ ಹೆಸರುಗಳೂ ಯುದ್ಧಗಳ ಇಸವಿಗಳೂ ನೆನಪಿಗೆ ಬರುತ್ತವೆ. ಪರೀಕ್ಷೆ ಮುಗಿದೊಡನೆ ಅವು ಮರೆತುಹೋದರೆ ಆಶ್ಚರ್ಯವೇನೂ ಇಲ್ಲ. ಆದರೆ ಭಿನ್ನ ನಂಬಿಕೆಯ ಜನರು ಒಂದೇ ಊರಿನಲ್ಲಿ ಹೇಗೆ ಬಾಳಿದರು, ಅವರ ಬಾಳಿಗೆ ತೊಡಕು ಬಂದಾಗ ಅದನ್ನು ಹೇಗೆ ಬಿಡಿಸಿಕೊಂಡರು ಎಂಬುದನ್ನು ತಿಳಿಸುವುದೂ ಇತಿಹಾಸವೇ. ಇದಕ್ಕೆ ನಿದರ್ಶನವಾಗಿ ಒಂದು ಶಿಲಾಶಾಸನವನ್ನು ಶ್ರೋತೃಗಳ ಮುಂದೆ ಇಡಬಯಸುತ್ತೇನೆ.

ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ ಈ ಶಾಸನ 1368ನೆಯ ಇಸವಿಯದು. ವಿಜಯನಗರದ ಮೊದಲನೆಯ ಬುಕ್ಕರಾಯನ ಕಾಲದ್ದು. ಬಿ. ಎಲ್. ರೈಸರು 1889ರಲ್ಲಿ ಹೊರತಂದ ಶ್ರವಣಬೆಳಗೊಳದ ಶಾಸನಸಂಪುಟದಲ್ಲಿ ಇದು ಅಚ್ಚಾಯಿತು. ಆ ಸಂಪುಟವನ್ನು ಆರ್. ನರಸಿಂಹಾಚಾರ್ಯರು ವಿಸ್ತರಿಸಿ 1923ರಲ್ಲಿ ಮತ್ತೆ ಪ್ರಕಟಿಸಿದರು.

ಶಾಸನದ ಸಂಗತಿ ಹೀಗಿದೆ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾಯಿತು. ಆನೆಗೊಂದಿ, ಪೆನುಗೊಂಡೆ ಮೊದಲಾದ ನಾಡುಗಳ ಜೈನರು ತಮಗಾದ ಅನ್ಯಾಯವನ್ನು ದೊರೆಗೆ ಬಿನ್ನವಿಸಿಕೊಂಡರು. ದೊರೆಯು ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆ ಮುಂತಾದ ಕ್ಷೇತ್ರಗಳ ವೈಷ್ಣವರನ್ನು ಕೂಡಿಸಿ, ಜೈನರ ಕೈಯನ್ನು ಅವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಪಂಚಮಹಾವಾದ್ಯ, ಕಲಶಗಳ ಮರ್ಯಾದೆ ಜೈನರಿಗೆ ಎಂದಿನಂತೆ ಸಲ್ಲತಕ್ಕದ್ದು. ಅವರಿಗೊದಗಿದ ಹಾನಿಯನ್ನು ವೈಷ್ಣವರು ತಮಗೊದಗಿದುದೆಂದೇ ಎಣಿಸತಕ್ಕದ್ದು ಎಂದು ಕಟ್ಟುಮಾಡಿದನು.

ಈ ಪ್ರಸಂಗವನ್ನು ನಾವು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿಬಿಡುತ್ತೇವೆ. ಶಾಸನವಾದರೋ ಇಲ್ಲಿಗೆ ನಿಲ್ಲುವುದಿಲ್ಲ. ಬೆಳಗೊಳದ ದೇವರ ರಕ್ಷಣೆಗೆ 20 ಮಂದಿ ಕಾವಲುಗಾರರಿರಬೇಕು. ಅವರನ್ನು ನೇಮಿಸತಕ್ಕವನು ತಿರುಮಲೆಯ ತಾತಯ್ಯ. ಅದರ ವೆಚ್ಚಕ್ಕಾಗಿ ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ಉಳಿದ ಹಣ ಜಿನಾಲಯಗಳಿಗೆ ಸುಣ್ಣ ಬಳಿಯುವುದಕ್ಕೂ ಜೀರ್ಣೋದ್ಧಾರಕ್ಕೂ ವಿನಿಯೋಗವಾಗಬೇಕು. ಕಟ್ಟಳೆಯನ್ನು ಮೀರಿದವನು ರಾಜದ್ರೋಹಿ.

ಪ್ರಾಚೀನಕಾಲದಲ್ಲಿ ಎಲ್ಲೆಲ್ಲಿಯೂ ಸೌಹಾರ್ದವೇ ನೆಲಸಿತ್ತೆಂದು ಹೇಳುವವರಿದ್ದಾರೆ. ಹಾಗಿದ್ದಲ್ಲಿ ಈ ತೀರ್ಪಿಗೆ ಕಾರಣವೇ ಇರುತ್ತಿರಲಿಲ್ಲ. ಮತಗಳು ಎಂದೆಂದಿಗೂ ಹಗೆಗಳೇ ಎಂದು ಹೇಳುವವರೂ ಇದ್ದಾರೆ. ಹಾಗಿದ್ದಲ್ಲಿ ಜಿನಾಲಯದ ಕಾವಲನ್ನು ವೈಷ್ಣವನೊಬ್ಬನಿಗೆ ವಹಿಸುವುದು ಸಾಧ್ಯವಾಗುತ್ತಿರಲಿಲ್ಲ. ಇಬ್ಬರೂ ಶಾಸನದ ಅರ್ಧವನ್ನು ಮಾತ್ರ ಓದಿದವರು. ಪೂರ್ತಿಯಾಗಿ ಓದಿದವನಿಗೆ ಇನ್ನೊಂದು ಸಂಗತಿಯೂ ಕಾಣುತ್ತದೆ: ಅನ್ಯಾಯಕ್ಕೊಳಗಾದವರೇ ತಮ್ಮ ರಕ್ಷಣೆಯ ವೆಚ್ಚವನ್ನು ಹೊತ್ತರು. ಈ ತೀರ್ಪು ಉದಾರವಾದದ್ದೆಂಬುದು ನಿಜ. ಅದರ ಹೊರೆ ಇಬ್ಬರ ಮೇಲೂ ಸಮನಾಗಿ ಬೀಳಲಿಲ್ಲವೆಂಬುದೂ ಅಷ್ಟೇ ನಿಜ.

ಸಮಾಜದಲ್ಲಿ ಶಾಂತಿ ತಾನಾಗಿ ಉಳಿಯುವ ವಸ್ತುವಲ್ಲ. ಯಾರೋ ದೂರನ್ನು ಆಲಿಸಬೇಕು, ಯಾರೋ ಕಾವಲಿರಬೇಕು, ಪ್ರತಿ ವರ್ಷವೂ ಗೋಡೆಗೆ ಸುಣ್ಣ ಬಳಿಯಬೇಕು. ಆ ಕಾಲದವರು ಇದನ್ನರಿತು ಕಲ್ಲಿನಲ್ಲಿ ಬರೆಯಿಸಿದರು. ಅದನ್ನು ಕೊನೆಯ ಸಾಲಿನವರೆಗೆ ಓದುವ ತಾಳ್ಮೆಯನ್ನು ಬೆಳೆಸಿಕೊಳ್ಳುವುದೇ ಇತಿಹಾಸದ ಅಧ್ಯಯನದಿಂದ ನಮಗೆ ದೊರೆಯುವ ಮೊದಲ ಶಿಕ್ಷಣ.