ವಸ್ತಾದನೂ ಪಂಚರೂ

ಘಟಪ್ರಭೆ, ಹಿರಣ್ಯಕೇಶಿಗಳ ನೀರುಂಡು ಬೆಳೆದ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಕುಸ್ತಿಯ ಕೀರ್ತಿಯನ್ನು ಹೇಳುವವರಿಗೆ ಕೊರತೆಯಿಲ್ಲ. ಯಾವ ಜಾತ್ರೆಯ ಮೈದಾನದಲ್ಲಿ ಯಾವ ಪೈಲವಾನನು ಯಾರನ್ನು ಯಾವ ಡಾವಿನಿಂದ ಚಿತ್ತು ಮಾಡಿದನೆಂಬುದನ್ನು ಊರ ಹಿರಿಯರು ನಿನ್ನೆ ನಡೆದುದೆಂಬಂತೆ ವರ್ಣಿಸಬಲ್ಲರು. ಆದರೆ ಆ ಕುಸ್ತಿಯನ್ನು ಗೊತ್ತುಮಾಡಿದವರಾರು, ಜೋಡಿ ಕಟ್ಟಿದವರಾರು, ಇನಾಮಿನ ಹಣವನ್ನು ಕೂಡಿಸಿ ಅದರ ಲೆಕ್ಕವನ್ನು ಒಪ್ಪಿಸಿದವರಾರು, ತೀರ್ಪಿನ ಮೇಲೆ ತಕರಾರೆದ್ದಾಗ ಅದನ್ನು ಬಗೆಹರಿಸಿದವರಾರು ಎಂಬ ಪ್ರಶ್ನೆಗಳಿಗೆ ಉತ್ತರವು ಅಷ್ಟು ಸುಲಭವಾಗಿ ದೊರೆಯದು. ಮಲ್ಲರ ಇತಿಹಾಸವು ನಾಲಿಗೆಯ ಮೇಲೆ ಉಳಿದು ಬಂದಿತು. ಮಲ್ಲರನ್ನು ಕೂಡಿಸಿ ನಡೆಸಿದ ವ್ಯವಸ್ಥೆಯ ಇತಿಹಾಸವು ಹಿನ್ನೆಲೆಗೆ ಸರಿಯಿತು. ಮಲ್ಲವಿದ್ಯೆಯ ಸಂಘವೊಂದು ಹೇಗೆ ಆಳಲ್ಪಡಬೇಕೆಂಬ ಚರ್ಚೆಯು ದೆಹಲಿಯ ಬೀದಿಯಿಂದ ಸಂಸತ್ತಿನವರೆಗೂ ನಡೆದಿರುವ ಈ ಕಾಲದಲ್ಲಿ, ನಮ್ಮ ತಾಲೀಮುಗಳು, ಎಂದರೆ ಕುಸ್ತಿಯ ಗರಡಿಗಳು, ಆ ವಿಷಯದಲ್ಲಿ ಪರಂಪರೆಯಿಂದ ಏನನ್ನು ಅರಿತಿದ್ದವೆಂಬುದನ್ನು ವಿಚಾರಿಸುವುದು ಅವಶ್ಯವೆಂದು ನನ್ನ ಭಾವನೆ.

ಕನ್ನಡನಾಡಿನಲ್ಲಿ ಮಲ್ಲರ ವ್ಯವಸ್ಥೆಯನ್ನು ಕುರಿತ ಪ್ರಾಚೀನ ಬರಹವು ರಾಜಗ್ರಂಥವೇ ಆಗಿರುವುದು ಆಕಸ್ಮಿಕವಲ್ಲ. ಕಲ್ಯಾಣದ ಚಾಲುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆ ಪ್ರತ್ಯೇಕವಾದ ಪ್ರಕರಣವುಂಟು, ಅಲ್ಲಿ ಮಲ್ಲರನ್ನು ವಯಸ್ಸು, ಬಲ, ಮೈಕಟ್ಟುಗಳನ್ನನುಸರಿಸಿ ವರ್ಗೀಕರಿಸಲಾಗಿದೆ, ಅವರ ಆಹಾರ, ಸಾಧನೆ, ಪಟ್ಟುಗಳನ್ನು ಕುರಿತು ವಿಧಿಗಳನ್ನು ಹೇಳಲಾಗಿದೆ. ಸಮಬಲರಿಗೆ ಸಮಬಲರನ್ನೇ ಜೋಡಿಸಬೇಕೆಂಬ ನ್ಯಾಯಪ್ರಜ್ಞೆಯ ಮೂಲವು ಅಲ್ಲಿಯೇ ಸ್ಪಷ್ಟವಾಗಿರುವುದು. ಆದರೆ ಅನ್ನವೂ ಅರಸನದು, ಆಖಾಡವೂ ಅರಸನದು, ತೀರ್ಪೂ ಅರಸನದು. ಮೂರೂ ಒಂದೇ ಕೈಯಲ್ಲಿದ್ದುದರಿಂದ ಆ ಕೈ ಉದಾರವಾಗಿದ್ದಷ್ಟು ದಿನ ವಿದ್ಯೆಯು ಬಾಳಿತು.

ನಮ್ಮ ಈ ಮೂರು ತಾಲೂಕುಗಳಿಗೆ ಅಂತಹ ಉದಾರವಾದ ಕೈಯೊಂದು ಬಹುಸಮೀಪದಲ್ಲಿಯೇ ಇದ್ದಿತು. ಹುಕ್ಕೇರಿ ತಾಲೂಕಿನ ಸಂಕೇಶ್ವರವನ್ನು ದಾಟಿ ನಿಪ್ಪಾಣಿಯ ಮಾರ್ಗವಾಗಿ ಹೋದರೆ ಕೊಲ್ಹಾಪುರವು ದೂರವಲ್ಲ. 1894ರಿಂದ 1922ರವರೆಗೆ ಅಲ್ಲಿ ಆಳಿದ ಶಾಹೂ ಮಹಾರಾಜರು ಸ್ವತಃ ಕುಸ್ತಿಯನ್ನು ಬಲ್ಲವರು. 1902ರಲ್ಲಿ ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆಂದು ಯುರೋಪಿಗೆ ಹೋದಾಗ ರೋಮಿನ ಪ್ರಾಚೀನ ಕ್ರೀಡಾಂಗಣವನ್ನು ಕಂಡು, ಅದರ ಸ್ಫೂರ್ತಿಯಿಂದ, ಎಲ್ಲಿ ಕುಳಿತವನಿಗೂ ನಡುವಿನ ಕಣವು ಮರೆಯಾಗದಂತೆ ಖಾಸಬಾಗ ಮೈದಾನವನ್ನು ಅವರು ಕಟ್ಟಿಸಿದರು. ಅದು 1912ರಲ್ಲಿ ಸಿದ್ಧವಾಯಿತು. ದೂರದೂರದ ಮಲ್ಲರು ಅಲ್ಲಿಗೆ ಬಂದು ಖುರಾಕನ್ನೂ ಆಶ್ರಯವನ್ನೂ ಪಡೆದರು. ಮರಾಠಿ ಕನ್ನಡವೆಂಬ ಭೇದವಿಲ್ಲದೆ ಗಡಿಯ ಈಚೆಗಿನ ಹಳ್ಳಿಗಳ ಹುಡುಗರ ಕಣ್ಣು ಆ ಕೆಂಪು ಮಣ್ಣಿನ ಮೇಲೆ ನೆಟ್ಟುದು ಸಹಜವೇ ಆಗಿದ್ದಿತು. 1949ರ ಮಾರ್ಚ್ 1ರಂದು ಕೊಲ್ಹಾಪುರ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾದಾಗ ಒಂದು ರಾಜ್ಯವು ಮುಗಿಯಿತು. ಅದರ ಜೊತೆಗೆ, ಮಲ್ಲನ ಅನ್ನಕ್ಕೆ ಯಾರು ಹೊಣೆಯೆಂಬ ಪ್ರಶ್ನೆಗಿದ್ದ ಹಳೆಯ ಉತ್ತರವೂ ಮುಗಿಯಿತು.

ಆದರೆ ಹಳ್ಳಿಯ ತಾಲೀಮು ಎಂದೂ ಅರಸನೊಬ್ಬನನ್ನೇ ನೆಚ್ಚಿದ್ದುದಲ್ಲ. ತೊಲೆಬಾಗಿಲಿಗಿಂತ ತಗ್ಗಾದ ಬಾಗಿಲು, ಬೆಳಕಿಗೊಂದು ಸಣ್ಣ ಕಿಂಡಿ, ಗೋಡೆಯಲ್ಲಿ ಹನುಮಂತನ ಮೂರ್ತಿ, ಮೂಲೆಯಲ್ಲಿ ಗದೆ, ಕಲ್ಲುಗುಂಡು, ನಡುವೆ ಮೊಳಕಾಲುದ್ದ ಅಗೆದು ತುಂಬಿದ ಮಣ್ಣು: ಇಷ್ಟೇ ಅದರ ಆಸ್ತಿ. ಆ ಮಣ್ಣಿನ ಆರೈಕೆಯಾದರೋ ಒಂದು ವಿದ್ಯೆಯೇ ಸರಿ. ಹರಳಿಲ್ಲದಂತೆ ಜರಡಿ ಹಿಡಿದ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಷಿಣ, ಲಿಂಬೆಯ ರಸಗಳನ್ನು ಬೆರೆಸಿ, ಗಟ್ಟಿಯಾಗದಂತೆ ದಿನವೂ ಸಲಿಕೆಯಿಂದ ಹೊರಳಿಸಿ, ನೀರು ಚಿಮುಕಿಸಿ ಮೃದುವಾಗಿಡಬೇಕು. ಹೊಸದಾಗಿ ಬಂದ ಹುಡುಗನಿಗೆ ಮೊದಲು ದೊರೆಯುವುದು ಪಟ್ಟಿನ ಪಾಠವಲ್ಲ, ಈ ಸಲಿಕೆ. ಗೌಡನ ಮಗನಾಗಲಿ ಕೂಲಿಯವನ ಮಗನಾಗಲಿ ಸಲಿಕೆ ಹಿಡಿಯದೆ ಲಂಗೋಟಿ ಕಟ್ಟುವಂತಿರಲಿಲ್ಲವೆಂಬುದು ತಾಲೀಮಿನ ಅಲಿಖಿತ ಶಾಸನ. ತಾಲೀಮನ್ನು ನಡೆಸುವವನು ವಸ್ತಾದ. ಯಾರು ಯಾರೊಡನೆ ಜೋರು ಮಾಡಬೇಕು, ಯಾರ ದಂಡ ಬೈಠಕ್ಕುಗಳು ಎಷ್ಟಾಗಬೇಕು, ಯಾವ ಹುಡುಗನು ಈ ವರ್ಷ ಮೈದಾನಕ್ಕೆ ಇಳಿಯಬಹುದು, ಯಾವನು ಇನ್ನೂ ಕಾಯಬೇಕು, ಇವೆಲ್ಲಕ್ಕೂ ಅವನ ಮಾತೇ ಅಂತಿಮ. “ವಸ್ತಾದರು ಬ್ಯಾಡಂದಾರ” ಎಂದ ಮೇಲೆ ತಂದೆಯ ಮಾತೂ ನಡೆಯದು. ಬಹುಮಟ್ಟಿಗೆ ಸಂಬಳವಿಲ್ಲದೆ ನಡೆದ ಈ ಗುರುತ್ವದ ಬಲವು ಅವನ ನಡತೆಯಲ್ಲಿತ್ತು.

ಇಷ್ಟು ಅಧಿಕಾರವುಳ್ಳ ವಸ್ತಾದನ ಕೈಗೆ ಜಾತ್ರೆಯ ಹಣವನ್ನು ಮಾತ್ರ ಊರು ಕೊಡಲಿಲ್ಲವೆಂಬುದನ್ನು ನಾನು ಬಹಳ ಮಹತ್ವದ ಸಂಗತಿಯೆಂದು ಎಣಿಸುತ್ತೇನೆ. ಕುಸ್ತಿಯ ಮೈದಾನವು ಪಂಚರದು. ಮನೆಮನೆಯಿಂದ ಪಟ್ಟಿ ಎತ್ತುವವರು ಅವರು, ಹಲಗೆಯವರನ್ನು ಕರೆಸುವವರು ಅವರು, ಬೆಳ್ಳಿಯ ಕಡಗವನ್ನೂ ರುಮಾಲನ್ನೂ ತರಿಸಿಡುವವರು ಅವರು. ಜೋಡಿ ಕಟ್ಟುವ ರೀತಿಯನ್ನು ಸಮೀಪದಿಂದ ನೋಡಿದವನಿಗೆ ಈ ವಿಭಾಗದ ಔಚಿತ್ಯವು ಮನದಟ್ಟಾಗದೆ ಇರದು. ಮಣ್ಣಿನ ಕುಸ್ತಿಗೆ ತಕ್ಕಡಿಯಿಲ್ಲ. ಇಂದಿನ ಮ್ಯಾಟಿನ ಮೇಲೆ ತೂಕದ ವರ್ಗಗಳೂ ಮೂರು ಮೂರು ನಿಮಿಷಗಳ ಎರಡು ಸರದಿಗಳೂ ನಿಯತವಾಗಿರುವಂತೆ ಅಲ್ಲಿ ಯಾವುದೂ ನಿಯತವಲ್ಲ. ಇಬ್ಬರು ಹುಡುಗರನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿ, ಭುಜಕ್ಕೆ ಭುಜ ಹಚ್ಚಿ, ಕುತ್ತಿಗೆ ತೊಡೆಗಳನ್ನು ಕಣ್ಣಿನಿಂದಲೇ ಅಳೆದು, ಒಪ್ಪಿಗೆಯಾದರೆ ಇಬ್ಬರ ಕೈಗಳನ್ನೂ ಹಿಡಿದು ಕಣದ ಸುತ್ತಲೂ ತಿರುಗಿಸಿ ಜನರಿಗೆ ತೋರಿಸುವುದು ಪದ್ಧತಿ. ಆ ಪ್ರದಕ್ಷಿಣೆಯ ಹೊತ್ತಿನಲ್ಲಿ “ಜೋಡ ಆಗೂದಿಲ್ಲ” ಎಂದು ಯಾವ ಮೂಲೆಯಿಂದಲಾದರೂ ಕೂಗು ಎದ್ದರೆ ಪಂಚರು ನಿಂತು ಮತ್ತೆ ವಿಚಾರಿಸಬೇಕು. ತಕ್ಕಡಿಯು ಇಲ್ಲದ ಕಡೆ ಮನುಷ್ಯನ ಪ್ರಾಮಾಣಿಕತೆಯೇ ತಕ್ಕಡಿ; ಅದು ವಾಲದಂತೆ ನೋಡಿಕೊಳ್ಳುವ ಕೆಲಸವನ್ನು ಊರು ಸಾವಿರ ಕಣ್ಣುಗಳಿಗೆ ಒಪ್ಪಿಸಿತ್ತು. ತನ್ನ ಶಿಷ್ಯನ ಗೆಲುವನ್ನು ಬಯಸುವ ಗುರುವು ಜೋಡಿ ಕಟ್ಟಬಾರದು, ಜೋಡಿ ಕಟ್ಟುವವನು ಬಯಲಿನಲ್ಲಿಯೇ ಕಟ್ಟಬೇಕು, ಕೂಡಿಸಿದ ಹಣದಲ್ಲಿ ಯಾವ ಕುಸ್ತಿಗೆ ಎಷ್ಟೆಂಬುದನ್ನು ಕುಸ್ತಿ ಹಚ್ಚುವ ಮೊದಲೇ ಕೂಗಿ ಹೇಳಬೇಕು: ಯಾವ ಶಾಸನಸಭೆಯೂ ವಿಧಿಸದ ಈ ಮೂರು ನಿಯಮಗಳಲ್ಲಿ ಒಂದು ಸಂಸ್ಥೆಯ ರಚನೆಗೆ ಬೇಕಾದ ತತ್ತ್ವವೆಲ್ಲ ಅಡಕವಾಗಿದೆಯೆಂದರೆ ಅತ್ಯುಕ್ತಿಯಲ್ಲ.

ಹೀಗೆಂದು ಆ ಕಾಲವನ್ನು ಕೇವಲ ಹೊಗಳಿ ಬಿಡುವುದು ಸತ್ಯಕ್ಕೆ ಅಪಚಾರ. ಪಂಚರಲ್ಲಿ ಊರಿನ ಪ್ರಬಲರೇ ಸೇರುತ್ತಿದ್ದರು, ಲೆಕ್ಕವು ಬಾಯಿಲೆಕ್ಕ, ತೀರ್ಪಿಗೆ ಮೇಲ್ಮನವಿಯಿಲ್ಲ, ಒಂದು ಜಾತ್ರೆಯಲ್ಲಿ ಹುಟ್ಟಿದ ಮನಸ್ತಾಪವು ಎರಡು ಊರುಗಳ ನಡುವೆ ವರ್ಷಗಟ್ಟಲೆ ಹೊಗೆಯಾಡುವುದುಂಟು. ಸಲಿಕೆಯ ಸಮಾನತೆಯು ತಾಲೀಮಿನ ಬಾಗಿಲೊಳಗೆ ಬಂದವರಿಗೆ ಮಾತ್ರ. ಜಾತಿಯ ಕಾರಣದಿಂದ ಆ ಬಾಗಿಲನ್ನೇ ಕಾಣದೆ ಉಳಿದವರಿದ್ದರು, ಹೆಣ್ಣುಮಕ್ಕಳಿಗಂತೂ ಅದು ತೆರೆದಿರಲೇ ಇಲ್ಲ.

ಈ ಕುಂದುಗಳಿದ್ದರೂ ತಾಲೀಮು ಉಳಿದುಬಂದಿತು. ಬ್ರಿಟಿಷರ ಕಾಲದಲ್ಲಿ ಆಯುಧವಿದ್ಯೆಯು ಹಳ್ಳಿಗಳಿಂದ ಹಿಮ್ಮೆಟ್ಟಿತು. ಮೂಡಲಗಿಗೆ ನೆರೆಯಾದ ಮುಧೋಳ ಸೀಮೆಯ ಹಲಗಲಿಯಲ್ಲಿ ಬೇಡರು 1857ರ ನವೆಂಬರಿನಲ್ಲಿ ಹತಾರಗಳನ್ನು ಒಪ್ಪಿಸಲೊಲ್ಲದೆ ದಂಗೆಯೆದ್ದು ಪ್ರಾಣತೆತ್ತ ಕಥೆಯು ಈ ಭಾಗದ ಲಾವಣಿಕಾರರ ಬಾಯಲ್ಲಿ ಇಂದಿಗೂ ಉಳಿದಿದೆ. ಕೈಯಲ್ಲಿನ ಕತ್ತಿಗೆ ಸರಕಾರದ ಪರವಾನಿಗೆ ಬೇಕಾದ ಬಳಿಕವೂ ಬರಿಮೈಯ ಕುಸ್ತಿಗೆ ಯಾರ ಪರವಾನಿಗೆಯೂ ಬೇಕಾಗಲಿಲ್ಲ. ಮುಂದೆ ವ್ಯಾಯಾಮಕ್ಕೆ ಲಿಖಿತ ಶಿಸ್ತನ್ನೂ ಸಂಘಟನೆಯನ್ನೂ ತಂದವರಲ್ಲಿ ಡಾ. ನಾ. ಸು. ಹರ್ಡೀಕರರು ಅಗ್ರಗಣ್ಯರು. 1923ರ ಡಿಸೆಂಬರಿನಲ್ಲಿ ಕಾಕಿನಾಡಾ ಕಾಂಗ್ರೆಸ್ಸಿನ ಸಂದರ್ಭದಲ್ಲಿ ಜನ್ಮತಾಳಿದ ಹಿಂದುಸ್ತಾನಿ ಸೇವಾದಳಕ್ಕೆ ಜವಾಹರಲಾಲ ನೆಹರೂ ಅವರು ಮೊದಲ ಅಧ್ಯಕ್ಷರಾದರೂ, ಅದರ ಜೀವವೂ ಹುಬ್ಬಳ್ಳಿಯಲ್ಲಿದ್ದ ಅದರ ಕಚೇರಿಯ ಆಧಾರವೂ ಹರ್ಡೀಕರರೇ. ಗೋಕಾಕ ತಾಲೂಕಿನ ಘಟಪ್ರಭೆಯ ಆರೋಗ್ಯಧಾಮದೊಡನೆ ಅವರ ಹೆಸರು ಬೆರೆತುಹೋಗಿದೆ. ದಳಪತಿಯೂ ನಿಯಮಾವಳಿಗೆ ಒಳಪಟ್ಟವನೆಂಬ ಪಾಠವು ಆ ಚಳವಳಿಯಿಂದ ತರುಣರಿಗೆ ದೊರೆಯಿತು.

ಕೂಡಿ ಆಳುವ ವಿದ್ಯೆಯಲ್ಲಿ ನಮ್ಮ ಉತ್ತರ ಕರ್ನಾಟಕವು ಯಾರಿಗೂ ಹಿಂದಾದುದಲ್ಲ. 1904ರ ಸಹಕಾರಿ ಸಂಘಗಳ ಕಾಯಿದೆಯು ಬಂದ ಮರುವರ್ಷವೇ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘವನ್ನು ಸ್ಥಾಪಿಸಿದರು. ಹುಕ್ಕೇರಿಯು ಇನ್ನೂ ಸಾಹಸದ ಹೆಜ್ಜೆಯನ್ನಿಟ್ಟಿತು: 1969ರಲ್ಲಿ ಅಲ್ಲಿ ರೂಪುಗೊಂಡ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ದೇಶದ ಆ ಬಗೆಯ ಪ್ರಥಮ ಸಂಘಗಳಲ್ಲಿ ಒಂದು. ವಿದ್ಯುತ್ತನ್ನು ಬಳಸುವ ರೈತನೇ ಅದರ ಸದಸ್ಯನಾಗಿ, ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳುವ ಅಧಿಕಾರವುಳ್ಳವನಾದನು. ಕಂಬಕ್ಕೂ ತಂತಿಗೂ ಲೆಕ್ಕ ಕೇಳಬಲ್ಲ ಜನರು ತಮ್ಮ ಮಕ್ಕಳ ಮೈಮೂಳೆಗಳನ್ನು ಒಪ್ಪಿಸುವ ಕುಸ್ತಿ ಸಂಘಕ್ಕೆ ಲೆಕ್ಕ ಕೇಳಲು ಏಕೆ ಹಿಂಜರಿಯಬೇಕು? 1960ರ ಸಂಘಗಳ ನೋಂದಣಿ ಕಾಯಿದೆಯು ಏಳು ಜನ ಕೂಡಿದರೆ ಸಂಘ ಕಟ್ಟಲು ಅವಕಾಶವನ್ನಿತ್ತಿದೆ. ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆಯನ್ನು ಕರೆಯಬೇಕು, ಜಮಾಖರ್ಚನ್ನು ನಿಬಂಧಕರಿಗೆ ಒಪ್ಪಿಸಬೇಕು, ದೂರು ಬಂದರೆ ನಿಬಂಧಕರು ವಿಚಾರಣೆ ನಡೆಸಬಹುದು. ಕಾಗದವು ಬಂದುದರಿಂದ ಬಾಯಿಲೆಕ್ಕದ ದೋಷವು ನೀಗಬೇಕಾಗಿತ್ತು. ಆದರೆ ಕಾಗದದ ಸಂಘವು ಹಲವೆಡೆ ಹಳೆಯ ಗುಣವೊಂದನ್ನು ಕಳೆದುಕೊಂಡಿತು: ಅಧ್ಯಕ್ಷನು, ಆಯ್ಕೆಗಾರನು, ಖಜಾಂಚಿ, ತೀರ್ಪುಗಾರನು, ಎಲ್ಲರೂ ಒಬ್ಬನ ಸುತ್ತಲಿನವರೇ ಆಗಿ, ಜಾತ್ರೆಯ ಬಯಲಿನಲ್ಲಿ ನಡೆಯುತ್ತಿದ್ದ ನಿರ್ಣಯವು ಮುಚ್ಚಿದ ಕೋಣೆಗೆ ಹೋಯಿತು. ಪೇಟೆಗಳಲ್ಲಿ ಈಗ ಕಾಣುವ ಕರಾಟೆ, ಟೇಕ್ವಾಂಡೋ ತರಗತಿಗಳಲ್ಲಿ ಕಲಿಸುವವನೇ ಶುಲ್ಕವನ್ನೂ ಪಡೆದು, ಪರೀಕ್ಷೆಯನ್ನೂ ನಡೆಸಿ, ಪಟ್ಟಿಯ ಬಣ್ಣವನ್ನೂ ನಿರ್ಧರಿಸಿದಲ್ಲಿ ಅದೇ ದೋಷವು ಇನ್ನಷ್ಟು ನಿಚ್ಚಳವಾಗುವುದು.

ಈ ದೋಷವು ಬೆಳೆದರೆ ಎಲ್ಲಿಗೆ ಮುಟ್ಟುವುದೆಂಬುದನ್ನು 2023ರಲ್ಲಿ ದೇಶವೇ ಕಂಡಿತು. ವಿನೇಶ ಫೋಗಟ್, ಸಾಕ್ಷಿ ಮಲಿಕ್, ಬಜರಂಗ ಪೂನಿಯಾ ಮೊದಲಾದ ಮಲ್ಲರು ಮಹಿಳಾ ಕುಸ್ತಿಪಟುಗಳ ಮೇಲಿನ ಲೈಂಗಿಕ ಕಿರುಕುಳದ ದೂರನ್ನು ಹೊತ್ತು ಆ ವರ್ಷದ ಜನವರಿಯಲ್ಲಿ ದೆಹಲಿಯ ಜಂತರ ಮಂತರದಲ್ಲಿ ಕುಳಿತರು. ಆ ದೂರಿನ ನ್ಯಾಯಾನ್ಯಾಯವು ನ್ಯಾಯಾಲಯದ ವಿಷಯ. ಆದರೆ ಒಬ್ಬ ಮಲ್ಲನಿಗೆ ತನ್ನ ಸಂಘದೊಳಗೆ ನಂಬಿ ಮೊರೆಯಿಡಲು ಒಂದು ಬಾಗಿಲೂ ಇಲ್ಲದೆ ಬೀದಿಗೆ ಬರಬೇಕಾದುದು ಆಡಳಿತದ ವಿಷಯ. ಸಕಾಲದಲ್ಲಿ ಚುನಾವಣೆ ನಡೆಸಲಿಲ್ಲವೆಂದು ಆಗಸ್ಟಿನಲ್ಲಿ ಜಾಗತಿಕ ಕುಸ್ತಿ ಸಂಸ್ಥೆಯು ಭಾರತದ ಕುಸ್ತಿ ಒಕ್ಕೂಟವನ್ನು ಅಮಾನತುಗೊಳಿಸಿತು. ಡಿಸೆಂಬರ್ 21ರಂದು ಚುನಾವಣೆಯಾದ ಮೂರೇ ದಿನಗಳಲ್ಲಿ ಕೇಂದ್ರ ಕ್ರೀಡಾ ಸಚಿವಾಲಯವು ಹೊಸ ಸಮಿತಿಯನ್ನೂ ಅಮಾನತಿನಲ್ಲಿಟ್ಟಿತು. ತಪ್ಪು ಪದಾಧಿಕಾರಿಗಳದಾದರೂ ಬಾವುಟವಿಲ್ಲದೆ ಕಣಕ್ಕಿಳಿಯುವ ಸ್ಥಿತಿ ಒದಗಿದುದು ಮಲ್ಲರಿಗೆ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯಿದೆಯು ರಾಷ್ಟ್ರೀಯ ಒಕ್ಕೂಟದ ಕಾರ್ಯಕಾರಿ ಸಮಿತಿಯು 15 ಜನರನ್ನು ಮೀರಬಾರದೆಂದೂ, ಅದರಲ್ಲಿ ಕನಿಷ್ಠ ಇಬ್ಬರು ಶ್ರೇಷ್ಠ ಕ್ರೀಡಾಪಟುಗಳೂ ಕನಿಷ್ಠ ನಾಲ್ವರು ಮಹಿಳೆಯರೂ ಇರಬೇಕೆಂದೂ ವಿಧಿಸಿ, ವ್ಯಾಜ್ಯಗಳಿಗಾಗಿ ನ್ಯಾಯಮಂಡಳಿಯೊಂದನ್ನು ಕಲ್ಪಿಸಿದೆ.

ದೆಹಲಿಯ ಕಾಯಿದೆಯು ತಾಲೂಕಿನ ತಾಲೀಮಿಗೆ ತಾನಾಗಿ ಇಳಿದುಬರುವುದಿಲ್ಲ. ಮೂಡಲಗಿಯು ಗೋಕಾಕದಿಂದ ಬೇರೆಯಾಗಿ ತಾಲೂಕಾದುದು ಇತ್ತೀಚೆಗೆ. ಕ್ರೀಡಾಸ್ಪರ್ಧೆಗಳ ಮೊದಲ ಮೆಟ್ಟಿಲು ತಾಲೂಕೇ ಆಗಿರುವುದರಿಂದ ಅಲ್ಲಿ ಕುಸ್ತಿಯ ವ್ಯವಸ್ಥೆಯನ್ನು ಮೊದಲಿನಿಂದ ಸರಿಯಾಗಿ ಕಟ್ಟಲು ಅವಕಾಶವಿದೆ. ನನ್ನನ್ನು ಕೇಳಿದರೆ, ವಸ್ತಾದನಿಗೆ ಮಣ್ಣಿನ ಮೇಲೆ ಪೂರ್ಣಾಧಿಕಾರವನ್ನಿತ್ತು ಹಣದ ಪೆಟ್ಟಿಗೆಯಿಂದ ಅವನನ್ನು ದೂರವಿಡಬೇಕು. ಲಂಗೋಟಿ ಬಿಚ್ಚಿಟ್ಟು ಬಹಳ ವರ್ಷಗಳಾದವರು ಮಾತ್ರವಲ್ಲದೆ, ಈಗ ಕಣಕ್ಕಿಳಿಯುತ್ತಿರುವ ಹುಡುಗರಿಗೂ ಹುಡುಗಿಯರಿಗೂ ಸಮಿತಿಯಲ್ಲಿ ಮತವಿರಬೇಕು. ಪದಾಧಿಕಾರಿಗಳ ಅವಧಿಗೆ ಮಿತಿಯಿರಬೇಕು. ಹುಡುಗಿಯರಿಗಾಗಿ ತಾಲೀಮಿನ ಬಾಗಿಲನ್ನು ತೆರೆಯುವ ಊರು ಅವರ ದೂರನ್ನು ಕೇಳಲು ವಸ್ತಾದನ ಶಿಷ್ಯರಲ್ಲದ, ಅಧ್ಯಕ್ಷನ ಬಂಧುಗಳಲ್ಲದ ಹೆಂಗಸರನ್ನು ಅದೇ ದಿನ ನೇಮಿಸಬೇಕು, ದೂರು ಬಂದ ಮೇಲಲ್ಲ. ಜೋಡಿ ಕಟ್ಟುವ ವಿಷಯದಲ್ಲಿ ಮೂರು ತಾಲೂಕುಗಳೂ ಪರಸ್ಪರ ನೆರವಾಗಬಹುದು: ಗೋಕಾಕದ ಮೈದಾನಕ್ಕೆ ಹುಕ್ಕೇರಿಯ ಪಂಚರೂ, ಹುಕ್ಕೇರಿಯ ಮೈದಾನಕ್ಕೆ ಮೂಡಲಗಿಯವರೂ, ಮೂಡಲಗಿಗೆ ಗೋಕಾಕದವರೂ ಬಂದು ಕುಳಿತರೆ ತನ್ನೂರ ಹುಡುಗನೆಂಬ ಮೋಹಕ್ಕೆ ಎಡೆಯಿರದು, ಬಂದವರ ಊಟಕ್ಕೂ ಬಸ್ಸಿನ ಚಾರ್ಜಿಗೂ ಆದ ವೆಚ್ಚವನ್ನು ಇನಾಮುಗಳ ಜೊತೆಗೆ ಕುಸ್ತಿ ಹಚ್ಚುವ ಮೊದಲೇ ಕೂಗಿ ಹೇಳಿದರಾಯಿತು.